ಎತ್ತಿಗೆ ಗೊತ್ತಿರುವ ದಾರಿ

ಲ್ಯಾಪ್‌ಟಾಪ್ ಮುಚ್ಚಳ ತೆರೆದ ಕೂಡಲೇ ಪರದೆಯ ಮೂಲೆಯಲ್ಲಿ ವೈಫೈ ಗುರುತು ಮೂಡುವುದಕ್ಕೆ ನಾವೆಲ್ಲ ಒಗ್ಗಿಹೋಗಿದ್ದೇವೆ. ಅದನ್ನು ಯಾರು ಜೋಡಿಸಿದರು, ಯಾವುದಕ್ಕೆ ಜೋಡಿಸಿದರು ಎಂದು ಕೇಳುವ ಅಭ್ಯಾಸವೇ ಇಲ್ಲ. ನೆಟ್ ಬಂತಲ್ಲ, ಸಾಕು. ಬಾರದ ದಿನ ರೂಟರನ್ನು ಆರಿಸಿ ಮತ್ತೆ ಹಾಕುತ್ತೇವೆ, ಕೇಬಲ್ಲಿನವನಿಗೆ ಫೋನ್ ಮಾಡುತ್ತೇವೆ, ಮಳೆ ಗಾಳಿಯ ಮೇಲೆ ತಪ್ಪು ಹೊರಿಸುತ್ತೇವೆ. ಲಿನಕ್ಸ್ ಬಳಸುವ ಬಂಧುಗಳ, ಸ್ನೇಹಿತರ ಮನೆಗಳಲ್ಲಿ ನಾನು ನೋಡಿದ ಮಟ್ಟಿಗೆ ಇಂಥ ದೂರುಗಳಲ್ಲಿ ಬಹಳಷ್ಟು ರೂಟರಿನದ್ದೂ ಅಲ್ಲ, ಕೇಬಲ್ಲಿನವನದ್ದೂ ಅಲ್ಲ. ಯಂತ್ರ ತಾನಾಗಿ ಹೋಗಿ ಸೇರಿಕೊಂಡ ಜಾಲ ನಮಗೆ ಬೇಕಾದ ಜಾಲವಾಗಿರುವುದಿಲ್ಲ, ಅಷ್ಟೆ.

ಹಿಂದೆ ಸಂತೆ ಮುಗಿಸಿ ರಾತ್ರಿ ಊರಿಗೆ ಮರಳುವವರು ಗಾಡಿಯಲ್ಲೇ ನಿದ್ದೆ ಹೋಗುತ್ತಿದ್ದರು. ಎತ್ತುಗಳಿಗೆ ದಾರಿ ಗೊತ್ತು, ಮನೆಯ ಮುಂದೆ ಬಂದು ನಿಲ್ಲುತ್ತಿದ್ದವು. ಆದರೆ ಸುಗ್ಗಿಯಲ್ಲಿ ಆಲೆಮನೆಗೆ ಕಬ್ಬು ಹೊತ್ತು ಅಭ್ಯಾಸವಾದ ಎತ್ತು ಆ ತಿರುವಿನಲ್ಲೂ ತಾನಾಗಿ ಹೊರಳುತ್ತದೆ. ದಾರಿ ಗೊತ್ತಿದೆ ಎನ್ನುವುದು ಒಂದು ಮಾತು, ಈ ಹೊತ್ತು ಅಲ್ಲಿಗೆ ಹೋಗಬೇಕು ಎನ್ನುವುದು ಇನ್ನೊಂದು. ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ವೈಫೈ ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್ ಎಂಬ ತಂತ್ರಾಂಶ ಈ ಎರಡನ್ನೂ ಬೇರೆ ಬೇರೆಯಾಗಿಯೇ ಇಟ್ಟಿದೆ. ನಾವು ಒಮ್ಮೆ ಸೇರಿದ ಜಾಲದ ಹೆಸರು, ಪಾಸ್‌ವರ್ಡು ಅದರ ನೆನಪಿನಲ್ಲಿ ಉಳಿಯುತ್ತದೆ. ಜೊತೆಗೆ ಆಟೋಕನೆಕ್ಟ್ ಎಂಬ ಪ್ರತ್ಯೇಕ ಗುಂಡಿಯೂ ಇದೆ. ತೊಂದರೆ ಇಷ್ಟೇ: ನಾವು ಏನೂ ಹೇಳದಿದ್ದರೆ ಆ ಗುಂಡಿ ‘ಹೌದು’ ಎಂದೇ ಇರುತ್ತದೆ. ಮನೆಯ ವೈಫೈಗೂ ಹೌದು, ಕಲ್ಯಾಣಮಂಟಪದ ವೈಫೈಗೂ ಹೌದು, ಎಂದೋ ಒಂದು ಮಧ್ಯಾಹ್ನ ಕಾಫಿ ಕುಡಿದ ಹೋಟೆಲಿನದಕ್ಕೂ ಹೌದು.

ಹಾಗೆ ಇಟ್ಟವರನ್ನು ನಾನು ದೂರುವುದಿಲ್ಲ. ಅವರು ಯಾವ ಕಾಲದಿಂದ ಬಂದವರು ಎನ್ನುವುದು ನೆನಪಿರಬೇಕು. ಈ ಶತಮಾನದ ಮೊದಲ ವರ್ಷಗಳಲ್ಲಿ ಲಿನಕ್ಸಿನಲ್ಲಿ ವೈಫೈ ಹಿಡಿಸುವುದೇ ಒಂದು ಸಾಧನೆ. ಕಾರ್ಡಿಗೆ ಡ್ರೈವರ್ ಇರುತ್ತಿರಲಿಲ್ಲ. ವಿಂಡೋಸಿನ ಡ್ರೈವರನ್ನೇ ತಂದು ಎನ್‌ಡಿಐಎಸ್ ರ್‍ಯಾಪರ್ ಎಂಬ ಹೊದಿಕೆಯೊಳಗೆ ಕೂರಿಸಬೇಕಿತ್ತು. ಅದಾದ ಮೇಲೆ ಟರ್ಮಿನಲ್ ತೆರೆದು ಐಡಬ್ಲ್ಯು ಕಾನ್ಫಿಗ್‌ನಲ್ಲಿ ಜಾಲದ ಹೆಸರು ಬರೆಯಬೇಕು, ಆಮೇಲೆ ಡಿಎಚ್‌ಸಿಪಿ ಕೇಳಿಕೊಂಡು ವಿಳಾಸ ಪಡೆಯಬೇಕು. ಜಾಗ ಬದಲಾದರೆ ಎಲ್ಲವೂ ಮೊದಲಿನಿಂದ. ಬೆಂಗಳೂರಿನಲ್ಲಿ 2001ರಿಂದ ಲಿನಕ್ಸ್ ಬೆಂಗಳೂರು ಎಂಬ ಹೆಸರಿನಲ್ಲಿ ಸಮ್ಮೇಳನ ನಡೆಯುತ್ತಿತ್ತು, 2005ರಲ್ಲಿ ಅದೇ ಫಾಸ್ ಡಾಟ್ ಇನ್ ಆಯಿತು. ಆ ತಲೆಮಾರಿನವರಿಗೆ ಈ ಆಜ್ಞೆಗಳೆಲ್ಲ ಇವತ್ತಿಗೂ ಬಾಯಿಪಾಠ. ಫಿನ್ಲೆಂಡಿನ ಜೌನಿ ಮಾಲಿನೆನ್ ಬರೆದ ಡಬ್ಲ್ಯುಪಿಎ ಸಪ್ಲಿಕೆಂಟ್ ಪಾಸ್‌ವರ್ಡಿನ ಮಾತುಕತೆಯನ್ನು ವಹಿಸಿಕೊಂಡಿತು. 2004ರಲ್ಲಿ ರೆಡ್ ಹ್ಯಾಟ್ ಕಂಪನಿಯಲ್ಲಿ ನೆಟ್‌ವರ್ಕ್ ಮ್ಯಾನೇಜರ್ ಕೆಲಸ ಶುರುವಾಯಿತು. ಡ್ಯಾನ್ ವಿಲಿಯಮ್ಸ್ ಮುಂತಾದವರು ಅದನ್ನು ವರ್ಷಗಟ್ಟಲೆ ತಿದ್ದಿ ತೀಡಿದರು. ಜನ ಜಾಲದ ಬಗ್ಗೆ ಯೋಚಿಸುವ ಹಾಗೇ ಇರಬಾರದು, ಅದು ತಾನಾಗಿ ಆಗಬೇಕು ಎನ್ನುವುದು ಅವರ ಹಟ. ಆ ಹಟದಿಂದಲೇ ಇವತ್ತು ನಮ್ಮ ಅಕ್ಕನಂಥವರೂ ಲಿನಕ್ಸ್ ಮಿಂಟ್ ಇರುವ ಕಂಪ್ಯೂಟರಿನಲ್ಲಿ ನೆಮ್ಮದಿಯಾಗಿ ಯಕ್ಷಗಾನ ನೋಡುತ್ತಾರೆ. ಆ ತಂತ್ರಾಂಶ ಬರೆದವರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆ. ಆದರೂ ಅವರು ನಮ್ಮ ಮನೆಯ ನಕ್ಷೆ ನೋಡಿ ಆ ‘ಹೌದು’ ಬರೆದದ್ದಲ್ಲ. ಅದನ್ನು ನೋಡಿ ತಿದ್ದುವ ಕೆಲಸ ನಮ್ಮದು, ಅದಕ್ಕೆ ಬೇಕಾದ ಉಪಕರಣವನ್ನೂ ಅವರೇ ಕೊಟ್ಟಿದ್ದಾರೆ.

ಅಕ್ಕನ ಮನೆಯ ವಿಷಯ ಬಂತಲ್ಲ, ಹೇಳಿಯೇ ಬಿಡುತ್ತೇನೆ. ಸಾಗರದ ಹತ್ತಿರ, ಅಡಿಕೆ ತೋಟದ ಮೇಲ್ಗಡೆ ಉದ್ದನೆಯ ಹಳೇ ಮನೆ. ಫೈಬರ್ ಬಂದು ಜಗುಲಿಯಲ್ಲಿ ರೂಟರ್ ಕೂತಿದೆ. ಮಣ್ಣಿನ ಗೋಡೆ ದಪ್ಪ, ಸಿಗ್ನಲ್ ದಾಟುವುದಿಲ್ಲ. ಹಾಗಾಗಿ ಮಾಳಿಗೆಯ ಮೇಲೊಂದು ರಿಪೀಟರ್. ಕೂರಿಸಿದವರು ಅದಕ್ಕೆ ರೂಟರಿನ ಹೆಸರಿಗೇ ಒಂದು ಬಾಲ ಅಂಟಿಸಿ ಬೇರೆ ಹೆಸರು ಕೊಟ್ಟು ಹೋಗಿದ್ದಾರೆ. ಅಕ್ಕನ ಮಗ ಬೆಂಗಳೂರಿನ ಕೆಲಸವನ್ನು ಮಳೆಗಾಲದಲ್ಲಿ ಊರಿನಿಂದಲೇ ಮಾಡುತ್ತಾನೆ. ಜಗುಲಿಯಲ್ಲಿ ರೂಟರಿನ ಕೆಳಗೇ ಕೂತರೂ ಮೀಟಿಂಗಿನಲ್ಲಿ ಅವನ ದನಿ ತುಂಡು ತುಂಡಾಗುತ್ತಿತ್ತು.

“ಮಾವ, ಈ ರೂಟರ್ ಹೋಯ್ತು ಅನ್ಸುತ್ತೆ. ಹೊಸದು ತರಿಸ್ತೀನಿ” ಅಂದ.

“ತಡಿಯೋ ಮಾರಾಯ. ಮೊದ್ಲು ಯಾವ್ದಕ್ಕೆ ಕನೆಕ್ಟ್ ಆಗಿದೆ ಅಂತ ನೋಡು.”

ಅಕ್ಕ ಒಳಗಿನಿಂದಲೇ, “ಅದ್ರಲ್ಲಿ ನೋಡೋದೇನಿದೆ, ವೈಫೈ ಅಂದ್ರೆ ವೈಫೈ ಅಲ್ವೇನೋ?” ಅಂದಳು.

ನೋಡಿದರೆ ಲ್ಯಾಪ್‌ಟಾಪು ಮಾಳಿಗೆಯ ರಿಪೀಟರಿಗೆ ಅಂಟಿಕೊಂಡಿದೆ. ಹಿಂದಿನ ರಾತ್ರಿ ಅವನು ಮಾಳಿಗೆಯಲ್ಲಿ ಕೂತು ಸಿನಿಮಾ ನೋಡಿ ಮುಚ್ಚಳ ಮುಚ್ಚಿದ್ದ. ಬೆಳಿಗ್ಗೆ ಜಗುಲಿಗೆ ತಂದು ತೆರೆದ. ಗೊತ್ತಿರುವ ಎರಡು ಜಾಲಗಳು ಒಟ್ಟಿಗೆ ಕಂಡಾಗ ನೆಟ್‌ವರ್ಕ್ ಮ್ಯಾನೇಜರ್ ಯಾವುದರ ಸಿಗ್ನಲ್ ಜೋರು ಎಂದು ತೂಗಿ ನೋಡುವುದಿಲ್ಲ. ಮೊದಲು ನೋಡುವುದು ಆದ್ಯತೆಯ ಸಂಖ್ಯೆಯನ್ನು. ಅದು ಎರಡಕ್ಕೂ ಒಂದೇ ಇದ್ದರೆ ಕೊನೆಯ ಸಲ ಬಳಸಿದ್ದು ಯಾವುದೋ ಅದನ್ನೇ ಹಿಡಿಯುತ್ತದೆ. ಒಮ್ಮೆ ಹಿಡಿದ ಮೇಲೆ, ಪಕ್ಕದಲ್ಲಿ ಹೆಚ್ಚು ಆದ್ಯತೆಯದ್ದು ಕಂಡರೂ ಇದ್ದದ್ದನ್ನು ಬಿಟ್ಟು ಅಲ್ಲಿಗೆ ಹಾರುವುದಿಲ್ಲ. ಹಿಡಿದದ್ದು ಕೈಬಿಟ್ಟಾಗಲೇ ಮುಂದಿನ ಆಯ್ಕೆ. ಈ ಮೂರು ನಿಯಮ ತಿಳಿದಿದ್ದರೆ ಮನೆವೈಫೈನ ಮುಕ್ಕಾಲು ಪಾಲು ಗೊಂದಲ ಕೂತಲ್ಲೇ ಬಿಡಿಸಬಹುದು. ಇದನ್ನು ಶಾಲೆಯ ಮಕ್ಕಳಿಗೂ ಹೇಳಿಕೊಡಬೇಕು ಅಂತ ನನಗೆ ಆಸೆ.

ಆದ್ಯತೆಯ ಸಂಖ್ಯೆ ಮೈನಸ್ 999ರಿಂದ 999ರವರೆಗೆ ಎಷ್ಟಾದರೂ ಇರಬಹುದು. ನಾವು ಮುಟ್ಟದಿದ್ದರೆ ಸೊನ್ನೆ. ದೊಡ್ಡ ಸಂಖ್ಯೆಗೆ ಮೊದಲ ಮಣೆ. ಕೇಬಲ್ ಚುಚ್ಚಿದಾಗ ನೆಟ್‌ವರ್ಕ್ ಮ್ಯಾನೇಜರ್ ತಾನೇ ಹುಟ್ಟಿಸಿಕೊಳ್ಳುವ ‘ವಯರ್ಡ್ ಕನೆಕ್ಷನ್ 1’ ಇದೆಯಲ್ಲ, ಅದಕ್ಕೆ ಅದು ಕೊಟ್ಟುಕೊಳ್ಳುವುದು ಮೈನಸ್ 999. ಯಜಮಾನ ಬರೆದಿಟ್ಟದ್ದು ಏನಾದರೂ ಇದ್ದರೆ ಅದೇ ಮುಂದೆ ಹೋಗಲಿ, ನಾನು ಮಾಡಿಕೊಂಡದ್ದು ಕೊನೆಗಿರಲಿ ಎಂಬ ಲೆಕ್ಕ. ಎಂಥ ಮರ್ಯಾದಸ್ಥ ವಿನ್ಯಾಸ! ಇಂಥವನ್ನು ಕಂಡಾಗ ಬರೆದವರ ಮೇಲೆ ಪ್ರೀತಿ ಉಕ್ಕುತ್ತದೆ.

“ಹಾಗಾದ್ರೆ ರೂಟರಿಗೆ ಹತ್ತು ಕೊಟ್ಬಿಡೋಣ” ಅಂದ ಅಕ್ಕನ ಮಗ. ಕೈ ಕೀಬೋರ್ಡಿನ ಮೇಲೆ ಇಟ್ಟವನು ತಾನೇ ತಡೆದ. “ಅಲ್ಲ ಮಾವ, ಮಾಳಿಗೇಲಿ ರೂಟರ್ ಸಿಗ್ನಲ್ ಒಂದು ಕಡ್ಡಿ ಬರುತ್ತೆ. ಅಲ್ಲಿ ಹೋದಾಗ ಆ ಒಂದು ಕಡ್ಡೀನೇ ಹಿಡ್ಕೊಂಡು ಕೂರುತ್ತಲ್ಲ?”

ಅವನು ಹಿಡಿದದ್ದು ಸರಿಯಾದ ಎಳೆ. ಒಂದೇ ಮನೆಯ ಎರಡು ಪೆಟ್ಟಿಗೆಗಳ ನಡುವೆ ಆರಿಸುವುದಕ್ಕೆ ಆದ್ಯತೆಯ ಸಂಖ್ಯೆ ಸಲ್ಲುವುದಿಲ್ಲ. ಅಲ್ಲಿ ಮಾಡಬೇಕಾದ್ದು ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡು ಕೊಡುವುದು. ಆಗ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಒಂದೇ ಜಾಲ. ಒಂದೇ ಜಾಲದೊಳಗೆ ಯಾವ ಪೆಟ್ಟಿಗೆಯ ಸಿಗ್ನಲ್ ಚೆನ್ನಾಗಿದೆ ಎಂದು ನೋಡಿ ಬದಲಾಯಿಸಿಕೊಳ್ಳುವುದು ಕೆಳಗಿರುವ ಡಬ್ಲ್ಯುಪಿಎ ಸಪ್ಲಿಕೆಂಟಿನ ಕೆಲಸ, ಅದು ಸಿಗ್ನಲ್ ತೂಗುತ್ತದೆ. ರಿಪೀಟರಿನ ಪುಟ ತೆರೆದು ಬಾಲ ಕತ್ತರಿಸಿದೆವು. ಆದ್ಯತೆ ಬೇಕೆನಿಸಿದ್ದು ಇನ್ನೊಂದು ಕಡೆ: ಅವನ ಫೋನಿನ ಹಾಟ್‌ಸ್ಪಾಟಿಗೆ. ಮಲೆನಾಡಿನಲ್ಲಿ ಕರೆಂಟು ಹೋದಾಗ ಅದೇ ಗತಿ. ಆದರೆ ಕರೆಂಟು ಹೋಗಿ ಬರುವಾಗ ರೂಟರ್ ಏಳುವ ಮೊದಲೇ ಹಾಟ್‌ಸ್ಪಾಟ್ ಕಂಡು ಲ್ಯಾಪ್‌ಟಾಪು ಅದನ್ನೇ ಹಿಡಿದರೆ ದಿನದ ಡೇಟಾ ಮಧ್ಯಾಹ್ನಕ್ಕೇ ಖಾಲಿ. ಒಮ್ಮೆ ಹಿಡಿದದ್ದನ್ನು ಆದ್ಯತೆ ಬಿಡಿಸುವುದಿಲ್ಲವಲ್ಲ, ಹಾಗಾಗಿ ಹಾಟ್‌ಸ್ಪಾಟಿಗೆ ಆಟೋಕನೆಕ್ಟನ್ನೇ ತೆಗೆದೆವು. ಪಾಸ್‌ವರ್ಡು ಉಳಿದಿದೆ, ಬೇಕಾದಾಗ ಹೆಸರಿನ ಮೇಲೆ ಒಮ್ಮೆ ಒತ್ತಿದರೆ ಸೇರುತ್ತದೆ, ತಾನಾಗಿ ಹೋಗುವುದಿಲ್ಲ.

ಬಹಳ ಜನ ಇಲ್ಲಿ ‘ಫರ್ಗೆಟ್’ ಗುಂಡಿ ಒತ್ತುತ್ತಾರೆ. ಅದು ಪಾಸ್‌ವರ್ಡನ್ನೂ ಅಳಿಸುತ್ತದೆ, ಮುಂದಿನ ಸಲ ರೂಟರಿನ ಬೆನ್ನಿನ ಚೀಟಿ ಹುಡುಕಬೇಕು. ಅಷ್ಟು ದೂರ ಹೋಗುವ ಅಗತ್ಯವೇ ಇಲ್ಲ. ಗ್ನೋಮ್ ಇರುವ ಉಬುಂಟು, ಫೆಡೋರಾಗಳಲ್ಲಿ ಸೆಟ್ಟಿಂಗ್ಸ್‌ನ ವೈಫೈ ಪುಟದಲ್ಲಿ ಜಾಲದ ಹೆಸರಿನ ಪಕ್ಕದ ಹಲ್ಲುಚಕ್ರ ಒತ್ತಿದರೆ ‘ಕನೆಕ್ಟ್ ಆಟೋಮ್ಯಾಟಿಕಲಿ’ ಎಂಬ ಚೌಕ ಸಿಗುತ್ತದೆ, ಅದರ ಟಿಕ್ಕು ತೆಗೆದರಾಯಿತು. ಸಂಖ್ಯೆ ಬರೆಯುವ ಜಾಗ ಮಾತ್ರ ಆ ಪುಟದಲ್ಲಿಲ್ಲ, ಇದು ನನಗೆ ಬೇಸರದ ವಿಷಯ. ಕೆಡಿಇ ಪ್ಲಾಸ್ಮಾದಲ್ಲಿಯೂ, ಮಿಂಟಿನವರು ಬಳಸುವ ಹಳೆಯ ‘ನೆಟ್‌ವರ್ಕ್ ಕನೆಕ್ಷನ್ಸ್’ ಕಿಟಕಿಯಲ್ಲಿಯೂ ಟಿಕ್ಕು, ಸಂಖ್ಯೆ ಎರಡೂ ಅಕ್ಕಪಕ್ಕದಲ್ಲಿವೆ. ಟರ್ಮಿನಲ್ ಒಗ್ಗಿದವರಿಗೆ ಎನ್‌ಎಂಸಿಎಲ್‌ಐ ಇದೆ. ಅದರಲ್ಲಿ ನೆನಪಿನಲ್ಲಿರುವ ಜಾಲಗಳ ಹೆಸರು, ಆಟೋಕನೆಕ್ಟ್, ಆದ್ಯತೆ ಈ ಮೂರೇ ಕಂಬಸಾಲು ಕೇಳಿ ಪಟ್ಟಿ ತೆಗೆಸಿ. ಬಂಧುಗಳ ಮನೆ, ಆಸ್ಪತ್ರೆಯ ಕಾಯುವ ಕೋಣೆ, ಮದುವೆಗೆ ಹೋದ ಊರಿನ ಲಾಡ್ಜು, ಬಿಟ್ಟುಬಂದ ಹಳೇ ಆಫೀಸು ಎಲ್ಲ ಸಾಲಾಗಿ ನಿಂತಿರುತ್ತವೆ, ಎಲ್ಲದರ ಮುಂದೆಯೂ ‘ಯೆಸ್’. ಒಂದೊಂದರ ಹೆಸರು ಓದಿ ಇದಕ್ಕೆ ಹೌದೋ ಅಲ್ಲವೋ ಎಂದು ನಿಶ್ಚಯಿಸುವುದಕ್ಕೆ ಹಿಡಿಯುವುದು ಹತ್ತು ನಿಮಿಷ. ಅಷ್ಟು ಹೊತ್ತನ್ನು ಪ್ರತಿಯೊಬ್ಬರೂ ಒಮ್ಮೆ ಕೊಡಬೇಕು ಎನ್ನುವುದು ನನ್ನ ಕಳಕಳಿಯ ಕೋರಿಕೆ.

ಸದ್ಯಕ್ಕೆ ಮಾತ್ರ ಬೇಡ ಎನ್ನುವವರಿಗೂ ದಾರಿ ಇದೆ. ಅದೇ ಎನ್‌ಎಂಸಿಎಲ್‌ಐಯಲ್ಲಿ ವೈಫೈ ಕಾರ್ಡಿಗೇ ‘ತಾನಾಗಿ ಸೇರಬೇಡ’ ಎಂದು ಹೇಳಬಹುದು. ಆ ಮಾತು ಕಂಪ್ಯೂಟರ್ ಮತ್ತೆ ಬೂಟ್ ಆಗುವವರೆಗೆ ಮಾತ್ರ ನಡೆಯುತ್ತದೆ. ಹಾಗೆಯೇ ನಾವು ಕೈಯಾರೆ ಡಿಸ್‌ಕನೆಕ್ಟ್ ಒತ್ತಿದರೆ ಅದು ಬೆನ್ನಿಗೇ ಹೋಗಿ ಮತ್ತೆ ಸೇರಿಕೊಳ್ಳುವುದಿಲ್ಲ, ನಮ್ಮ ಇಂಗಿತ ಅರಿತು ಸುಮ್ಮನಿರುತ್ತದೆ.

ಈ ಸೆಟ್ಟಿಂಗುಗಳು ಕೂತಿರುವ ಕಡತವನ್ನು ಒಮ್ಮೆ ತೆರೆದು ನೋಡಿ ಎಂದು ನಾನು ಹೇಳುತ್ತಿರುತ್ತೇನೆ. ಇಟಿಸಿ ಅಡಿಯಲ್ಲಿ ನೆಟ್‌ವರ್ಕ್ ಮ್ಯಾನೇಜರ್ ಫೋಲ್ಡರು, ಅದರೊಳಗೆ ಸಿಸ್ಟಂ ಕನೆಕ್ಷನ್ಸ್, ಅದರಲ್ಲಿ ಜಾಲಕ್ಕೊಂದು ಕಡತ. 23.10ರಿಂದೀಚಿನ ಉಬುಂಟುವಿನಲ್ಲಿ ಅದು ನೆಟ್‌ಪ್ಲಾನ್ ಫೋಲ್ಡರಿಗೆ ಹೋಗಿದೆ. ಯಂತ್ರದ ಯಜಮಾನ ಖಾತೆಯಾದ ರೂಟ್ ಬಿಟ್ಟು ಬೇರೆಯವರಿಗೆ ತೆರೆಯುವ ಅಧಿಕಾರವಿಲ್ಲ. ಸಿಸ್ಟಂ ಕನೆಕ್ಷನ್ಸ್‌ನ ಕಡತದೊಳಗಿರುವುದು ಸುಮಾರು ಇಪ್ಪತ್ತು ಸಾಲು, ಓದಿದರೆ ಯಾರಿಗೂ ಅರ್ಥವಾಗುವಂಥವು. ಚೌಕ ಕಂಸದಲ್ಲಿ ‘ಕನೆಕ್ಷನ್’, ಅದರ ಕೆಳಗೆ ಹೆಸರು, ಉದ್ದನೆಯ ಗುರುತಿನ ಸಂಖ್ಯೆ, ಬಗೆ ವೈಫೈ. ಮುಂದಿನ ಕಂಸದಲ್ಲಿ ಗಾಳಿಯಲ್ಲಿ ಕೇಳಿಸುವ ಜಾಲದ ಹೆಸರು. ಅದರ ಮುಂದಿನದರಲ್ಲಿ ಪಾಸ್‌ವರ್ಡು, ಮರೆಮಾಚದೆ. ಆಟೋಕನೆಕ್ಟ್ ‘ಹೌದು’ ಎಂದಿದ್ದರೆ ಆ ಸಾಲೇ ಇರುವುದಿಲ್ಲ. ನಾವು ಬೇಡ ಅಂದಾಗಲೇ ‘ಆಟೋಕನೆಕ್ಟ್ ಫಾಲ್ಸ್’ ಎಂಬ ಸಾಲು ಮೂಡುತ್ತದೆ. ಯಾರೂ ಬರೆಯದೆಯೂ ನಡೆಯುತ್ತಿರುವ ಅಪ್ಪಣೆಗಳು ಕಂಪ್ಯೂಟರಿನಲ್ಲಿ ಎಷ್ಟಿವೆ ಎನ್ನುವುದು ಇಂಥ ಕಡೆ ಕಣ್ಣಿಗೆ ಬೀಳುತ್ತದೆ.

ಪಾಸ್‌ವರ್ಡು ಹೀಗೆ ತೆರೆದ ಮುಖದಲ್ಲಿ ಕೂತಿದೆಯಲ್ಲ ಎಂದು ಕೆಲವರು ಗಾಬರಿಯಾಗುತ್ತಾರೆ. ಅದಕ್ಕೊಂದು ಕಾರಣವಿದೆ. ‘ಎಲ್ಲ ಬಳಕೆದಾರರಿಗೂ’ ಎಂದು ಗುರುತು ಹಾಕಿದ ಜಾಲ ಯಾರೂ ಲಾಗಿನ್ ಆಗುವ ಮೊದಲೇ ಸೇರಬೇಕು, ಆಗ ಕೇಳೋಣವೆಂದರೆ ಎದುರಿಗೆ ಮನುಷ್ಯರಿಲ್ಲ. ಹಾಗಾಗಿ ರೂಟ್‌ನ ಕಾವಲಿನಲ್ಲಿ ಕಡತದೊಳಗೇ ಇಟ್ಟಿರುತ್ತದೆ. ಆ ಗುರುತು ತೆಗೆದರೆ ಪಾಸ್‌ವರ್ಡು ಆ ಬಳಕೆದಾರರ ಕೀರಿಂಗ್ ಎಂಬ ಬೀಗ ಹಾಕಿದ ಪಾಸ್‌ವರ್ಡ್ ಪೆಟ್ಟಿಗೆಗೆ ಹೋಗುತ್ತದೆ, ಅವರು ಲಾಗಿನ್ ಆದ ಮೇಲಷ್ಟೇ ವೈಫೈ ಹಿಡಿಯುತ್ತದೆ. ಎರಡೂ ಸರಿಯೇ, ಯಾರ ಕಂಪ್ಯೂಟರು ಎನ್ನುವುದರ ಮೇಲೆ ಹೋಗುತ್ತದೆ. ಹಾಸ್ಟೆಲಿನಲ್ಲಿ ಹಂಚಿಕೊಂಡ ಯಂತ್ರಕ್ಕೆ ಕೀರಿಂಗ್ ಒಳ್ಳೆಯದು. ಆದರೆ ಅಪ್ಪ ಅಮ್ಮನಿಗೆ ಅನುಕೂಲವಾಗಲಿ ಎಂದು ಮಕ್ಕಳು ಕಂಪ್ಯೂಟರಿಗೆ ಆಟೋ ಲಾಗಿನ್ ಹಾಕಿ ಹೋಗಿರುತ್ತಾರೆ. ಆಗ ಕೀರಿಂಗ್ ಬೀಗ ತೆರೆಯುವವರಿಲ್ಲ. ಯಂತ್ರ ಹಾಕಿದಾಗಲೆಲ್ಲ ‘ಕೀರಿಂಗ್ ಪಾಸ್‌ವರ್ಡ್ ಕೊಡಿ’ ಎಂಬ ಪೆಟ್ಟಿಗೆ ಎದ್ದು ನಿಲ್ಲುತ್ತದೆ. ವಯಸ್ಸಾದವರು ಅದನ್ನು ಬ್ಯಾಂಕಿನ ಮೋಸವೇನೋ ಎಂದು ಹೆದರಿ ಕಂಪ್ಯೂಟರನ್ನೇ ಆರಿಸಿಬಿಟ್ಟದ್ದನ್ನು ನೋಡಿದ್ದೇನೆ. ಮನೆಯ ವೈಫೈಗೆ ‘ಎಲ್ಲ ಬಳಕೆದಾರರಿಗೂ’ ಎಂದು ಟಿಕ್ಕು ಹಾಕಿ, ಪಾಸ್‌ವರ್ಡನ್ನು ಎಲ್ಲರಿಗಾಗಿ ಉಳಿಸು ಎಂದರೆ ವೈಫೈಗಾಗಿ ಏಳುವ ಆ ಪೆಟ್ಟಿಗೆ ನಿಲ್ಲುತ್ತದೆ. ದೂರದ ಊರಿನಲ್ಲಿ ಕೂತು ಹೆತ್ತವರಿಗೆ ಲಿನಕ್ಸ್ ಹಾಕಿಕೊಟ್ಟ ಪ್ರತಿಯೊಬ್ಬರಿಗೂ ಇದು ಗೊತ್ತಿರಲಿ.

ಇಷ್ಟು ಹೊತ್ತು ಅನುಕೂಲದ ಮಾತಾಯಿತು. ಅದಕ್ಕಿಂತ ಗಂಭೀರವಾದದ್ದು ಪಾಸ್‌ವರ್ಡೇ ಇಲ್ಲದ ಜಾಲಗಳ ವಿಷಯ. 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್ ನಿಲ್ದಾಣದಿಂದ ಶುರುವಾದ ರೈಲ್‌ಟೆಲ್‌ನ ಉಚಿತ ವೈಫೈ ಇವತ್ತು ದೇಶದ ಸಾವಿರಾರು ನಿಲ್ದಾಣಗಳಲ್ಲಿದೆ. ಒಳ್ಳೆಯ ಸೇವೆ. ಸಣ್ಣ ಊರಿನ ಹುಡುಗರು ಪ್ಲಾಟ್‌ಫಾರ್ಮಿನಲ್ಲಿ ಕೂತು ಪರೀಕ್ಷೆಗೆ ಓದಿಕೊಳ್ಳುವುದನ್ನು ಕಂಡರೆ ಸಂತೋಷವಾಗುತ್ತದೆ. ಆದರೆ ಊರೂರಿಗೂ ಜಾಲದ ಹೆಸರು ಒಂದೇ, ಮತ್ತು ಪಾಸ್‌ವರ್ಡಿಲ್ಲದ ಜಾಲಕ್ಕೆ ಹೆಸರು ಬಿಟ್ಟು ಬೇರೆ ಗುರುತೇ ಇಲ್ಲ. ಮನೆಯ ವೈಫೈ ಹಾಗಲ್ಲ. ಅಲ್ಲಿ ಸೇರುವ ಮುನ್ನ ಪಾಸ್‌ವರ್ಡು ನಮಗೆ ಗೊತ್ತಿದೆಯೇ ಎಂದು ರೂಟರ್ ಪರೀಕ್ಷಿಸುವಂತೆ, ರೂಟರಿಗೂ ಗೊತ್ತಿದೆಯೇ ಎಂದು ನಮ್ಮ ಯಂತ್ರವೂ ಪರೀಕ್ಷಿಸುತ್ತದೆ. ಹೆಸರು ಕದ್ದವನು ಅಲ್ಲೇ ಸಿಕ್ಕಿಬೀಳುತ್ತಾನೆ. ತೆರೆದ ಜಾಲದಲ್ಲಿ ಆ ಪರೀಕ್ಷೆಯೇ ಇಲ್ಲ. ಯಾರು ಬೇಕಾದರೂ ತಮ್ಮ ಫೋನಿನ ಹಾಟ್‌ಸ್ಪಾಟಿಗೆ ಅದೇ ಹೆಸರಿಟ್ಟರೆ, ಆಟೋಕನೆಕ್ಟ್ ಇರುವ ಲ್ಯಾಪ್‌ಟಾಪು ಚೀಲದಿಂದ ಎದ್ದ ಕೂಡಲೇ ಹೋಗಿ ಸೇರುತ್ತದೆ. ಇದು ಹೊಸ ಸಂಗತಿಯಲ್ಲ. 2005ರಷ್ಟು ಹಿಂದೆಯೇ ಡಿನೋ ಡೈ ಜೋವಿ ಮತ್ತು ಶೇನ್ ಮೆಕಾಲೆ ಎಂಬ ಸಂಶೋಧಕರು, ಯಂತ್ರ ಯಾವ ಹೆಸರು ಕೂಗಿದರೂ ‘ಅದು ನಾನೇ’ ಎಂದು ಉತ್ತರಿಸುವ ಕರ್ಮ ಎಂಬ ಉಪಕರಣ ಮಾಡಿ ತೋರಿಸಿದ್ದರು. ಈಗ ಬಹುತೇಕ ತಾಣಗಳು ಎಚ್‌ಟಿಟಿಪಿಎಸ್ ಬಳಸುವುದರಿಂದ ನಡುವೆ ಕೂತವನಿಗೆ ನಮ್ಮ ಪತ್ರದ ಒಳಮಾತು ಸುಲಭಕ್ಕೆ ಕಾಣುವುದಿಲ್ಲ, ನಿಜ. ನಾವು ಯಾವ ತಾಣದ ಬಾಗಿಲಿಗೆ ಹೋದೆವು ಎನ್ನುವುದು ಮಾತ್ರ ಕಾಣುತ್ತದೆ, ಮತ್ತು ಸುಳ್ಳು ಲಾಗಿನ್ ಪುಟ ತೋರಿಸಿ ನಂಬಿಸುವುದಕ್ಕೂ ಅಡ್ಡಿಯಿಲ್ಲ.

ಮೋಸಗಾರರ ಮಾತು ಬಿಡಿ, ನಿಜವಾದ ನಿಲ್ದಾಣದ ವೈಫೈನಿಂದಲೂ ಪ್ರಯಾಣಿಕರಿಗೆ ಕಿರಿಕಿರಿಯಾಗುತ್ತದೆ. ತಾಳಗುಪ್ಪದ ರೈಲಿನಲ್ಲಿ ಫೋನಿನ ಹಾಟ್‌ಸ್ಪಾಟ್ ಹಿಡಿದು ಕೆಲಸ ಮಾಡುತ್ತಿದ್ದೀರಿ ಅನ್ನಿ. ಅರಸೀಕೆರೆ ಬರುವ ಹೊತ್ತಿಗೆ ಹಾಟ್‌ಸ್ಪಾಟ್ ಕ್ಷಣಕಾಲ ಕೈಬಿಡುತ್ತದೆ. ಲ್ಯಾಪ್‌ಟಾಪು ಬೇರೆ ಪರಿಚಯದ ಜಾಲ ಹುಡುಕಿ ನಿಲ್ದಾಣದ ವೈಫೈ ಸೇರುತ್ತದೆ. ಅಲ್ಲಿ ಒಟಿಪಿ ಕೊಡದೆ ಹೊರಗಿನ ಪ್ರಪಂಚ ಕಾಣುವುದಿಲ್ಲ. ಒಟಿಪಿ ಬರುವಷ್ಟರಲ್ಲಿ ರೈಲು ಹೊರಟಿದೆ. ಕಳಿಸುತ್ತಿದ್ದ ಕಡತ ಅರ್ಧಕ್ಕೇ ನಿಂತಿದೆ. ಅದಕ್ಕೇ ಪಾಸ್‌ವರ್ಡಿಲ್ಲದ ಜಾಲಕ್ಕೆಲ್ಲ, ಎಷ್ಟೇ ಒಳ್ಳೆಯದಿರಲಿ, ಆಟೋಕನೆಕ್ಟ್ ತೆಗೆಯುವುದು ನನ್ನ ನೇಮ. ಬೇಕಾದಾಗ ಕೈಯಾರೆ ಒತ್ತಿ ಸೇರುತ್ತೇನೆ.

ರೂಟರಿನಲ್ಲಿ ಹೆಸರು ಬಚ್ಚಿಟ್ಟರೆ ಭದ್ರ ಎಂದುಕೊಂಡವರಿಗೂ ಒಂದು ಮಾತು. ಬಚ್ಚಿಟ್ಟ ಜಾಲ ಕಣ್ಣಿಗೆ ಬೀಳದ ಕಾರಣ ನಮ್ಮ ಲ್ಯಾಪ್‌ಟಾಪೇ ಹೋದಲ್ಲೆಲ್ಲ ಆ ಹೆಸರು ಕೂಗಿ ಹುಡುಕಬೇಕಾಗುತ್ತದೆ. ಮನೆಯಲ್ಲಿ ಮುಚ್ಚಿಟ್ಟದ್ದು ಬಸ್‌ಸ್ಟ್ಯಾಂಡಿನಲ್ಲಿ ಬಯಲಾಗುತ್ತದೆ. ಹೆಸರು ಬಿಚ್ಚಿಟ್ಟು ಪಾಸ್‌ವರ್ಡನ್ನು ಗಟ್ಟಿ ಮಾಡುವುದೇ ಮೇಲು.

ಹಾಟ್‌ಸ್ಪಾಟ್ ಡೇಟಾದ ಬಗ್ಗೆ ಒಂದು ಸಮಾಧಾನದ ಸಂಗತಿಯಿದೆ. ಆಂಡ್ರಾಯ್ಡ್ ಫೋನು ವಿಳಾಸ ಹಂಚುವಾಗ ‘ಇದು ಅಳತೆಯ ಡೇಟಾ’ ಎಂಬ ಸೂಚನೆಯನ್ನು ಡಿಎಚ್‌ಸಿಪಿ ಉತ್ತರದಲ್ಲೇ ಸೇರಿಸಿ ಕಳಿಸುತ್ತದೆ. ನೆಟ್‌ವರ್ಕ್ ಮ್ಯಾನೇಜರ್ ಅದನ್ನು ಓದಿ ಆ ಜಾಲವನ್ನು ಮೀಟರ್ಡ್ ಎಂದು ಪರಿಗಣಿಸುತ್ತದೆ. ಅದನ್ನು ಕಂಡು ಗ್ನೋಮ್ ಸಾಫ್ಟ್‌ವೇರ್ ದೊಡ್ಡ ದೊಡ್ಡ ಅಪ್‌ಡೇಟುಗಳನ್ನು ತಾನಾಗಿ ಇಳಿಸಿಕೊಳ್ಳುವುದನ್ನು ತಡೆಹಿಡಿಯುತ್ತದೆ. ಎಲ್ಲ ಸಂದರ್ಭದಲ್ಲೂ ಈ ಊಹೆ ಸರಿಬರಬೇಕೆಂದಿಲ್ಲ. ಡಾಂಗಲ್ ಬಳಸುವವರು ಆಟೋಕನೆಕ್ಟ್ ಇರುವ ಪುಟದಲ್ಲೇ ಮೀಟರ್ಡ್ ಎಂದು ಕೈಯಾರೆ ಗುರುತು ಹಾಕಿಡುವುದು ಲೇಸು.

ಇದನ್ನೆಲ್ಲ ಒಮ್ಮೆ ಕೂತು ಓರಣ ಮಾಡಿಕೊಂಡವರು ಹೊಸ ಲ್ಯಾಪ್‌ಟಾಪ್ ತಂದಾಗ ಮತ್ತೆ ಮೊದಲಿನಿಂದ ಶುರು ಮಾಡಬೇಕಿಲ್ಲ. ಮೇಲೆ ಹೇಳಿದ ಸಿಸ್ಟಂ ಕನೆಕ್ಷನ್ಸ್ ಫೋಲ್ಡರಿನ ಕಡತಗಳನ್ನು ಪೆನ್‌ಡ್ರೈವಿನಲ್ಲಿ ತಂದು ಹೊಸದರ ಅದೇ ಫೋಲ್ಡರಿಗೆ ಹಾಕಿ. ಪೆನ್‌ಡ್ರೈವಿನಿಂದ ಬಂದ ಕಡತ ನಮ್ಮ ಹೆಸರಿನಲ್ಲಿರುತ್ತದೆ, ಅದನ್ನು ರೂಟ್‌ನ ಹೆಸರಿಗೆ ಮಾಡಿ ಅನುಮತಿಯನ್ನು 600ಕ್ಕೆ ಇಳಿಸಬೇಕು. ಇಲ್ಲದಿದ್ದರೆ ನೆಟ್‌ವರ್ಕ್ ಮ್ಯಾನೇಜರ್ ಅದನ್ನು ಓದುವುದೇ ಇಲ್ಲ. ಹಳೆಯ ಯಂತ್ರದ ವೈಫೈ ಕಾರ್ಡಿನ ಹೆಸರಿರುವ ಸಾಲೇನಾದರೂ ಕಡತದಲ್ಲಿದ್ದರೆ ಅಳಿಸಿ. ಆಮೇಲೆ ಎನ್‌ಎಂಸಿಎಲ್‌ಐಗೆ ಕನೆಕ್ಷನ್ ರೀಲೋಡ್ ಎಂದರೆ ಸಾಕು. ಯಾವುದಕ್ಕೆ ಹೌದು, ಯಾವುದಕ್ಕೆ ಬೇಡ ಎಂದು ನೀವು ಬರೆದದ್ದೆಲ್ಲ ಹಾಗೆಯೇ ಬಂದಿರುತ್ತದೆ. ಪೆನ್‌ಡ್ರೈವಿನಲ್ಲಿ ಉಳಿದ ಪ್ರತಿಯನ್ನು ಮರೆಯದೆ ಅಳಿಸಿ, ಅದರಲ್ಲಿ ನಿಮ್ಮ ಪಾಸ್‌ವರ್ಡುಗಳಿವೆ.